ಪೆನ್ಸಿಲಿನ ಗುರುತು

ಮೋರಟಗಿಯ ಆ ಹುಡುಗಿ ಪ್ರತಿ ತಿಂಗಳೂ ಮೂರು ದಿನ ಶಾಲೆ ತಪ್ಪಿಸುತ್ತಿದ್ದಳು. ಮುಟ್ಟಿನ ನೋವು ತಾಳದೆ ಮುದುಡಿ ಮಲಗಿದರೆ ಅಜ್ಜಿ, ‘ಲಗ್ನ ಆದ್ರ ಎಲ್ಲಾ ಸರಿ ಆಗ್ತದ’ ಎನ್ನುತ್ತಿದ್ದಳು. ತಾಯಿ ಒಪ್ಪಲಿಲ್ಲ, ವಿಜಯಪುರಕ್ಕೆ ಕರೆದೊಯ್ದಳು. ವೈದ್ಯರು ಪರೀಕ್ಷಿಸಿ ಹೇಳಿದ್ದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಈ ರೋಗ ಜಗತ್ತಿನ ಸುಮಾರು 19 ಕೋಟಿ ಹೆಣ್ಣುಮಕ್ಕಳಿಗಿದೆ.

ಜೀನುಗಳು ಪಠ್ಯಪುಸ್ತಕವಾದರೆ, ಯಾವ ಪಾಠ ಓದಬೇಕು, ಯಾವುದನ್ನು ಬಿಡಬೇಕು ಎಂಬ ಪೆನ್ಸಿಲ್ ಗುರುತುಗಳ ಅಧ್ಯಯನವೇ ಎಪಿಜೆನೆಟಿಕ್ಸ್. ಈ ರೋಗದಲ್ಲಿ ‘ಬಿಡಿ’ ಎನ್ನುವ ಮೀಥೈಲ್ ಗುರುತು ಕಳಚಿ, ಈಸ್ಟ್ರೊಜೆನ್‌ನ ಬೀಟಾ ಗ್ರಾಹಕದ ಜೀನು ಅತಿ ಚುರುಕಾಗುತ್ತದೆ. ಪೆನ್ಸಿಲ್ ಗುರುತನ್ನು ಅಳಿಸಬಹುದು, ತಿರುಗಿ ಬರೆಯಬಹುದು ಎಂಬುದೇ ವಿಜ್ಞಾನಿಗಳ ಆಸೆ. ಅಂಥ ಔಷಧ ಇನ್ನೂ ಸಂಶೋಧನೆಯಲ್ಲಿದೆ. ಸದ್ಯಕ್ಕೆ ನೋವುನಿವಾರಕ, ಹಾರ್ಮೋನು ಮಾತ್ರೆ, ಶಸ್ತ್ರಚಿಕಿತ್ಸೆಗಳೇ ಆಸರೆ.

ಆದರೆ ಮೊದಲ ಔಷಧ ಮನೆಯಲ್ಲೇ ಸಿಕ್ಕಿತ್ತು: ತಾಯಿ ಮಗಳ ಮಾತನ್ನು ನಂಬಿದಳು.