ಇವತ್ತಿಗೆ ನೂರು ಮೆಟ್ಟಿಲು

ಮೈಸೂರಿನವರಿಗೆ ಚಾಮುಂಡಿ ಬೆಟ್ಟ ಪ್ರವಾಸದ ಜಾಗವೇನಲ್ಲ. ಬಟ್ಟೆ ಒಣಗಿಸೋಕೆ ಮಹಡಿಗೆ ಹೋದರೆ ಕಾಣುತ್ತೆ, ತರಕಾರಿಗೆ ಹೋದರೆ ರಸ್ತೆ ತುದಿಯಲ್ಲಿ ನಿಂತಿರುತ್ತೆ. ಹೊರಗಿನಿಂದ ನೆಂಟರು ಬಂದಾಗ ಅವರ ಜೊತೆ ಹೋಗ್ತೀವಿ, ಮಿಕ್ಕಂತೆ ಕೆಳಗಿನಿಂದಲೇ ಒಂದು ಕೈಮುಗಿತ. ನಾನೂ ಹಾಗೇ ಇದ್ದೆ. ಈ ಆರು ತಿಂಗಳಲ್ಲಿ ಮಾತ್ರ ಆ ಬೆಟ್ಟದ ಮೆಟ್ಟಿಲುಗಳನ್ನ ನಮ್ಮ ಅಡುಗೆಮನೆ ಕಟ್ಟೆಯಷ್ಟು ಹತ್ತಿರದಿಂದ ನೋಡಿದ್ದೀನಿ. ಒಂದೊಂದಕ್ಕೂ ಬಗ್ಗಿ ಅರಿಶಿನ ಕುಂಕುಮ ಇಟ್ಟಿದ್ದೀನಿ.

ಕಳೆದ ವರ್ಷ ದಸರಾ ಕಳೆದ ಮೇಲೆ ನಮ್ಮನೆಯವರಿಗೆ ಬೈಪಾಸ್ ಆಪರೇಷನ್ ಆಯ್ತು. ಬೆಳಿಗ್ಗೆ ಏಳೂವರೆಗೆ ಒಳಗೆ ಕರೆದುಕೊಂಡು ಹೋದವರು ಮಧ್ಯಾಹ್ನ ಎರಡಾದರೂ ಏನೂ ಹೇಳಲಿಲ್ಲ. ಸ್ಟೀಲ್ ಕುರ್ಚಿ ಮೇಲೆ ಕೂತಿದ್ದ ನನ್ನ ಬಾಯಿಂದ ತಾನಾಗೇ ಬಂತು: ‘ತಾಯೀ, ಇವರನ್ನ ನನಗೆ ವಾಪಸ್ ಕೊಡು. ಸಾವಿರದೆಂಟು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಟ್ಟು, ಒಂದೇ ದಿನದಲ್ಲಿ ಹತ್ತಿ ನಿನ್ನ ಮುಂದೆ ನಿಲ್ತೀನಿ.’ ನಮ್ಮಮ್ಮ ಆಷಾಢದ ಶುಕ್ರವಾರ ಹಾಗೆ ಹತ್ತಿದ್ದರು. ಆಗ ಅವರಿಗೆ ಅರವತ್ತು. ನನಗೆ ಈಗ 56. ಅಮ್ಮನಿಗೆ ಆಗಿದ್ದು ನನಗೆ ಯಾಕಾಗಲ್ಲ ಅಂತ ಇರಬೇಕು ಮನಸ್ಸಲ್ಲಿ. ಬಲಗಾಲಿನ ಮಂಡಿ ಸವೆದಿದೆ ಅಂತ ಎರಡು ವರ್ಷದ ಹಿಂದೆಯೇ ಡಾಕ್ಟರ್ ಎಕ್ಸ್‌ರೇ ಹಿಡಿದು ತೋರಿಸಿದ್ದರು. ಹರಕೆ ಹೊರುವ ಹೊತ್ತಿಗೆ ಮಂಡಿ ಯಾರಿಗೆ ನೆನಪಿರುತ್ತೆ?

ಆಪರೇಷನ್ ಚೆನ್ನಾಗಿ ಆಯ್ತು. ಆಮೇಲಿನ ದಿನಗಳು ಪೂರ್ತಿ ಸಣ್ಣ ಸಣ್ಣ ಲೆಕ್ಕದವು. ಮೂರು ಚೆಂಡಿರುವ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಉಸಿರು ಎಳೆಯೋಕೆ ಹೇಳಿದರು. ಮೊದಲ ದಿನ ಒಂದು ಚೆಂಡು ಮೇಲೆದ್ದರೆ ಅದೇ ದೊಡ್ಡದು. ಕೆಮ್ಮು ಬಂದರೆ ದಿಂಬನ್ನ ಎದೆಗೆ ಅವುಚಿಕೊಂಡು ಕೆಮ್ಮಬೇಕು. ಹಾಸಿಗೆಯಿಂದ ಬಾಗಿಲವರೆಗೆ, ಬಾಗಿಲಿಂದ ನರ್ಸ್ ಮೇಜಿನವರೆಗೆ, ಮನೆಗೆ ಬಂದ ಮೇಲೆ ಗೇಟಿನವರೆಗೆ. ಇವರು ಹೈಸ್ಕೂಲಿನಲ್ಲಿ ಕಬಡ್ಡಿ ಆಡಿದವರು, ‘ಗೇಟಿನವರೆಗೆ ಹೋಗಿ ಬರೋದು ಒಂದು ನಡಿಗೇನಾ?’ ಅಂತ ಮುಖ ಸಣ್ಣ ಮಾಡ್ಕೋತಿದ್ದರು. ನಾನು ಟವಲು ಹಿಡ್ಕೊಂಡು ಹಿಂದೆಯೇ ನಿಂತು, ‘ಇವತ್ತಿಗೆ ಗೇಟು ಸಾಕು ರೀ. ನಾಳೆ ಮೂಲೆ ಮನೆ. ಓಡಿ ಯಾವ ಊರಿಗೆ ಹೋಗ್ಬೇಕಿದೆ?’ ಅಂತಿದ್ದೆ. ಎಷ್ಟು ಸಮಾಧಾನವಾಗಿ ಹೇಳ್ತಿದ್ದೆ ಅಂದರೆ, ಮಗಳು ನಕ್ಕು, ‘ಅಮ್ಮಾ, ನೀನು ನಮಗೆ ಲೆಕ್ಕ ಹೇಳಿಕೊಡುವಾಗ ಈ ಸಮಾಧಾನ ಎಲ್ಲಿತ್ತು?’ ಅಂದಳು.

ಸಂಕ್ರಾಂತಿ ಕಳೆದ ಮೊದಲ ಮಂಗಳವಾರ ಹರಕೆಗೆ ಹೊರಟೆ. ಇವರೂ ಮಗಳೂ ಸಿಟಿ ಬಸ್ ಸ್ಟ್ಯಾಂಡಿನಿಂದ 201ನೇ ನಂಬರ್ ಬಸ್ಸಿನಲ್ಲಿ ಸೀದಾ ಮೇಲಕ್ಕೆ ಹೋಗಿ ದೇವಸ್ಥಾನದ ಹತ್ತಿರ ಕಾಯುವುದು, ನಾನು ಪಾದದ ಹತ್ತಿರ ಆಟೋ ಇಳಿದು ಹತ್ತುವುದು ಅಂತ ಮಾತಾಗಿತ್ತು. ಬೆಳಿಗ್ಗೆ ಆರು ಗಂಟೆ. ಥಂಡಿ ಇನ್ನೂ ಬಿಟ್ಟಿರಲಿಲ್ಲ. ಒಂದು ಕೈಯಲ್ಲಿ ಅರಿಶಿನದ ಬಟ್ಟಲು, ಇನ್ನೊಂದರಲ್ಲಿ ಕುಂಕುಮದ ಭರಣಿ.

ಈ ಮೆಟ್ಟಿಲುಗಳನ್ನ ಕಟ್ಟಿಸಿದ್ದು ದೊಡ್ಡ ದೇವರಾಜ ಒಡೆಯರು, 17ನೇ ಶತಮಾನದಲ್ಲಿ. ಅರ್ಧಕ್ಕಿಂತ ಮೇಲೆ ಇರುವ ದೊಡ್ಡ ನಂದಿಯೂ ಅವರ ಕಾಲದ್ದೇ. ಮುನ್ನೂರೈವತ್ತು ವರ್ಷದಿಂದ ಜನ ತುಳಿದೂ ತುಳಿದೂ ಕೆಲವು ಕಲ್ಲುಗಳ ಅಂಚು ದುಂಡಗಾಗಿದೆ. ಎಲ್ಲ ಒಂದೇ ಎತ್ತರ ಇಲ್ಲ. ಒಂದು ಗೇಣುದ್ದ ಇದ್ದರೆ ಪಕ್ಕದ್ದು ಮೊಳದಷ್ಟು ಅನ್ನಿಸುತ್ತೆ. ಅನ್ನಿಸುತ್ತೆ ಅಷ್ಟೇ, ಮಂಡಿ ನೋಯುವಾಗ ಎಲ್ಲ ಅಳತೆಯೂ ದೊಡ್ಡದೇ. ಕಿವಿಗೆ ಏನೋ ಸಿಕ್ಕಿಸಿಕೊಂಡ ಹುಡುಗರು ಎರಡೆರಡು ಮೆಟ್ಟಿಲು ಹಾರ್ತಾ ಹೋಗಿ, ನಾನು ಐವತ್ತು ಮುಗಿಸುವಷ್ಟರಲ್ಲಿ ವಾಪಸ್ ಇಳೀತಿದ್ದರು.

ಹತ್ತುವುದು ಬೇರೆ, ಪ್ರತಿ ಮೆಟ್ಟಿಲಿಗೂ ಬಗ್ಗಿ ಎದ್ದು ಹತ್ತುವುದು ಬೇರೆ. ಇದು ಶುರು ಮಾಡಿದವರಿಗೇ ಗೊತ್ತಾಗೋದು. 80ಕ್ಕೆ ಬೆವರು. 120ಕ್ಕೆ ಬಲಮಂಡಿಯೊಳಗೆ ಯಾರೋ ಸೂಜಿ ತಿರುಗಿಸಿದ ಹಾಗೆ. 160ನೇ ಮೆಟ್ಟಿಲಿಗೆ ಕುಂಕುಮ ಇಟ್ಟು ಏಳಬೇಕು, ಏಳೋಕೇ ಆಗಲಿಲ್ಲ. ಹಾಗೇ ಪಕ್ಕದ ಕಲ್ಲಿನ ಮೇಲೆ ಕೂತೆ.

ಅಲ್ಲಿ ಕೂತು ನನಗೆ ನಾನು ಅಂದುಕೊಂಡ ಮಾತುಗಳನ್ನ ಬರೆಯೋಕೆ ನಾಚಿಕೆ ಆಗುತ್ತೆ, ಆದರೂ ಬರೀತೀನಿ. ‘ಇಷ್ಟೂ ಆಗಲ್ವಾ ನಿನಗೆ? ತಿಂದು ತಿಂದು ಮೈ ಬೆಳೆಸಿಕೊಂಡೆ. ಗಂಡನ ಪ್ರಾಣ ಬೇಕು, ಕಾಲು ನೋಯಬಾರದು. ಅಮ್ಮ ಇದ್ದಿದ್ದರೆ ಏನಂತಿದ್ದರು?’ ಅಮ್ಮ ಹಾಗೆಲ್ಲ ಅನ್ನುವವರೇ ಅಲ್ಲ. ಅವರ ಬಾಯಲ್ಲಿ ಈ ಮಾತು ಇಟ್ಟಿದ್ದು ನಾನೇ. ಹತ್ತುತ್ತಿದ್ದ ಇಬ್ಬರು ಹೆಂಗಸರು ನಿಂತು, ‘ನೀರು ಬೇಕಾ ಅಕ್ಕಾ?’ ಅಂತ ಕೇಳಿದರು. ಬೇಡ ಅಂದೆ. ಕಣ್ಣೀರು ಒರೆಸೋಕೆ ಹೋಗಿ ಕೆನ್ನೆ ತುಂಬ ಕುಂಕುಮ ಮಾಡ್ಕೊಂಡಿದ್ದೆ ಅಂತ ಆಮೇಲೆ ಗೊತ್ತಾಯ್ತು.

ಇವರಿಗೆ ಫೋನ್ ಮಾಡಿದೆ.

‘ಎಲ್ಲಿದ್ದೀಯೇ?’

‘ನೂರ ಅರವತ್ತು. ಆಗ್ತಿಲ್ಲ ರೀ.’

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಇವತ್ತಿಗೆ ಗೇಟು ಸಾಕು ಕಣೇ,’ ಅಂದರು.

ನನಗೆ ರೇಗಿತು. ನಡಿಗೆ ಬೇರೆ, ಹರಕೆ ಬೇರೆ ಅಂದೆ. ಅವರು ಜಗಳಕ್ಕೆ ಬರಲಿಲ್ಲ. ‘ಸರಿ, ಬೇರೇನೇ. ನಾನು ಗೇಟಿನ ಹತ್ತಿರ ಕೂತು ಹೀಗೆ ಅತ್ತಿದ್ದರೆ ನೀನು ಬೈತಿದ್ಯಾ?’ ಅಂತಷ್ಟೇ ಕೇಳಿದರು. ಉತ್ತರ ಗೊತ್ತಿತ್ತು, ಹೇಳಲಿಲ್ಲ. ಮೆಟ್ಟಿಲ ಅಂಚು ಹಿಡ್ಕೊಂಡು, ಒಂದೊಂದಕ್ಕೂ ಎರಡೂ ಕಾಲು ಇಟ್ಟು ಇಳಿದೆ. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಹೆಚ್ಚು ಕಷ್ಟ ಅನ್ನೋದು ಅವತ್ತು ಮೈಗೇ ಗೊತ್ತಾಯ್ತು.

ಹತ್ತು ದಿನ ಮಂಡಿ ಊದಿಕೊಂಡಿತ್ತು. ಡಾಕ್ಟರ್ ಹತ್ತಿರ ಹೋದಾಗ ಬೆಟ್ಟದ ವಿಷಯ ಮುಚ್ಚಿಟ್ಟಿದ್ದೆ, ಇವರು ಪಕ್ಕದಲ್ಲೇ ಕೂತು ಎಲ್ಲ ಒದರಿಬಿಟ್ಟರು. ಡಾಕ್ಟರ್ ಬೈಯುತ್ತಾರೆ ಅಂದುಕೊಂಡಿದ್ದೆ. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಗೆ ಭಾರ ಕಡಿಮೆ ಆಗುತ್ತೆ ಅಂತ ಹೇಳಿ, ಕಾಲು ನೀಟಾಗಿ ಎತ್ತಿ ಹಿಡಿಯುವ ಎರಡು ವ್ಯಾಯಾಮ ಕೊಟ್ಟು, ‘ಬೆಟ್ಟ ಬೇಡ ಅನ್ನಲ್ಲ ಅಮ್ಮ, ಒಂದೇ ದಿನ ಬೇಡ. ನೋವು ಮರುದಿನವೂ ಉಳಿದರೆ ಅದು ಜಾಸ್ತಿ ಆಯ್ತು ಅಂತ ಲೆಕ್ಕ’ ಅಂದರು.

ಆದರೆ ‘ಒಂದೇ ದಿನ’ ಅನ್ನುವುದನ್ನೇ ನಾನು ದೇವಿಯ ಮುಂದೆ ಹೇಳಿಬಿಟ್ಟಿದ್ದೆನಲ್ಲ. ಅದು ವಾರಗಟ್ಟಲೆ ಕೊರೀತು. ಯಾರನ್ನ ಕೇಳಲಿ? ಒಬ್ಬರು ತಪ್ಪುಕಾಣಿಕೆ ಹಾಕು ಅಂದರು, ಒಬ್ಬರು ಬಸ್ಸಿನಲ್ಲಿ ಹೋಗಿ ಮುಡಿಪು ಒಪ್ಪಿಸು ಅಂದರು. ಎರಡೂ ಮನಸ್ಸಿಗೆ ಬರಲಿಲ್ಲ. ಕಡೆಗೆ ದೇವರ ಮನೆಯಲ್ಲಿ ದೀಪ ಹಚ್ಚಿ, ‘ಮೆಟ್ಟಿಲು ಒಂದೂ ಬಿಡಲ್ಲ, ದಿನ ಮಾತ್ರ ಜಾಸ್ತಿ ಕೊಡು’ ಅಂತ ಬೇಡಿಕೊಂಡೆ. ಒಪ್ಪಿಗೆ ಸಿಕ್ಕಿತೋ ಇಲ್ಲವೋ, ಅವತ್ತು ರಾತ್ರಿ ನಿದ್ದೆ ಬಂತು.

ಇವರು ನೋಟ್‌ಬುಕ್ ತೆಗೆದರು. ನಿವೃತ್ತ ಗುಮಾಸ್ತರು, ಕೋಷ್ಟಕ ಹಾಕದೆ ಕೆಲಸ ಮಾಡಲ್ಲ. ನಂದಿ ಇರುವುದು ಸುಮಾರು 700ನೇ ಮೆಟ್ಟಿಲ ಹತ್ತಿರ, ಅಲ್ಲಿಗೆ ರಸ್ತೆ ಇದೆ. ಹಾಗಾಗಿ ಮೊದಲು ನಂದಿಯಿಂದ ಮೇಲಿನ ಮುನ್ನೂರು ಚಿಲ್ಲರೆ. ಸ್ಕೂಟರಿನಲ್ಲಿ ನಂದಿಯ ಹತ್ತಿರ ಇಳಿಯುವುದು, ನೂರಕ್ಕಿಂತ ಹೆಚ್ಚು ಮೆಟ್ಟಿಲಿಗೆ ಬಗ್ಗುವಂತಿಲ್ಲ, ಮೇಲೆ ಮುಟ್ಟಿದ ಮೇಲೆ ಬಸ್ಸಿನಲ್ಲಿ ಕೆಳಗೆ. ಫೆಬ್ರವರಿ, ಮಾರ್ಚ್‌ನಲ್ಲಿ ನಾಲ್ಕು ಮಂಗಳವಾರ ಬೇಕಾಯ್ತು. ನಾಲ್ಕನೇ ವಾರ ಕೊನೇ ಮೆಟ್ಟಿಲಿಗೆ ಕುಂಕುಮ ಇಟ್ಟು ತಲೆ ಎತ್ತಿದರೆ, ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಗೋಪುರ ಬಿಸಿಲಿಗೆ ಹೊಳೀತಿತ್ತು. ಎಷ್ಟೋ ಸಲ ಕಾರಿನಲ್ಲಿ ಬಂದು ನೋಡಿದ್ದ ಗೋಪುರವೇ. ಅವತ್ತು ಮಾತ್ರ ಎಲ್ಲಿಂದಲೋ ಬಂದ ಹಾಗೆ ನಿಂತು ನೋಡಿದೆ.

ಈ ನೆಪದಲ್ಲಿ ನಂದಿಯ ಜೊತೆ ಸಲಿಗೆ ಬೆಳೀತು. ಸುಮಾರು 16 ಅಡಿ ಎತ್ತರ, 25 ಅಡಿ ಉದ್ದ, ಒಂದೇ ಬಂಡೆಯಲ್ಲಿ ಕಡೆದಿದ್ದು. ದೂರದಿಂದ ನೋಡಿದರೆ ಗಾತ್ರವೇ ಕಾಣುತ್ತೆ. ಹತ್ತಿರ ಕೂತರೆ ಕೊರಳಿನ ಗಂಟೆ ಸರ, ಮಡಿಸಿದ ಮುಂಗಾಲು ಕಾಣುತ್ತೆ. ಒಂದು ಕಾಲು ಮಡಿಚಿ ಆರಾಮಾಗಿ ಕೂತಿದ್ದಾನೆ ಮಹಾರಾಯ. ‘ಅವನೂ ಮೇಲಿನ ತನಕ ಹೋಗದೆ ಇಲ್ಲೇ ಕೂತುಬಿಟ್ಟಿದ್ದಾನೆ ನೋಡು’ ಅಂತ ಇವರ ತಮಾಷೆ. ಹತ್ತಿರವೇ ಬಂಡೆಯಡಿ ಗುಹೆಯಲ್ಲಿ ಪುಟ್ಟ ಶಿವನ ಗುಡಿ ಇದೆ, ಎಷ್ಟೋ ಜನ ನೋಡದೆ ಹೋಗ್ತಾರೆ. ಬಗ್ಗಿ ಒಳಗೆ ಹೋದರೆ ತಂಪು.

ಕೆಳಗಿನ 700 ಬೇರೆ ಥರದ ಲೆಕ್ಕ. ಪಾದದಿಂದ ಸ್ವಲ್ಪ ಸ್ವಲ್ಪ ಮೇಲಕ್ಕೆ, ಕೋಲು ಹಿಡಿದು ವಾಪಸ್. ಇನ್ನೊಂದು ವಾರ ನಂದಿಯಿಂದ ಅರವತ್ತು ಮೆಟ್ಟಿಲು ಬರಿಗೈಲಿ ಇಳಿದು, ಅಲ್ಲಿಂದ ಕುಂಕುಮ ಇಡ್ತಾ ವಾಪಸ್ ಮೇಲಕ್ಕೆ. ಏಪ್ರಿಲ್ ಬಿಸಿಲಿಗೆ ಎಂಟು ಗಂಟೆಗೇ ಕಲ್ಲು ಕಾದು, ಗಿಡಗಳೆಲ್ಲ ಒಣಗಿ, ಕೆಳಗೆ ಲಲಿತಮಹಲ್ ಒಂದು ಬಿಳೀ ಡಬ್ಬಿಯ ಹಾಗೆ ಕಾಣ್ತಿತ್ತು. ಒಂದು ಮಂಗಳವಾರ 40ಕ್ಕೇ ನಿಲ್ಲಿಸಬೇಕಾಯ್ತು. ಹಳೇ ಬುದ್ಧಿ ಎಲ್ಲಿ ಹೋಗುತ್ತೆ? ‘ಮುಂದಿನ ವಾರ ಆ 60ನ್ನೂ ಸೇರಿಸಿ 160 ಮಾಡ್ತೀನಿ’ ಅಂದೆ. ಇವರು ನೋಟ್‌ಬುಕ್ಕಿನಲ್ಲಿ 40 ಅಂತ ಬರೆದು, ಕೆಳಗೆ ಗೆರೆ ಎಳೆದು ಮುಚ್ಚಿಟ್ಟರು. ‘ಇದರಲ್ಲಿ ಬಾಕಿ ಅನ್ನೋ ಕಾಲಂ ಇಲ್ಲ.’ ಬ್ಯಾಂಕಿನ ಸಾಲ ಕಟ್ಟುವಾಗ ಒಂದು ದಿನಕ್ಕೂ ಬಿಡದ ಮನುಷ್ಯ, ನನ್ನ ಮೆಟ್ಟಿಲಿಗೆ ಮಾತ್ರ ಬಾಕಿ ಮಾಫಿ ಮಾಡಿದರು.

ನಾವಿಬ್ಬರೂ ಎಣಿಸಿದ ಲೆಕ್ಕ ಒಮ್ಮೆಯೂ ತಾಳೆ ಆಗಲಿಲ್ಲ ಅನ್ನೋದು ಬೇರೆ ಮಾತು. ಅಲ್ಲಲ್ಲಿ ಬರೆದಿರುವ ಸಂಖ್ಯೆಯನ್ನೇ ನಂಬಿಕೊಂಡು ನಡೆಸಿದ್ವಿ.

ಜೂನ್ ಕೊನೆಗೆ ಕೆಳಗಿನಿಂದ 340, ಮೇಲಿನಿಂದ ಇಳಿದು 520ರ ತನಕ ಆಗಿದೆ. ಉಳಿದಿರೋದು ನಡುವಿನ 180. ಇವೇ ಕಷ್ಟದವು. ಪಾದಕ್ಕೂ ದೂರ, ನಂದಿಗೂ ದೂರ, ಪಕ್ಕದಲ್ಲಿ ರಸ್ತೆ ಇಲ್ಲ. ಅಲ್ಲಿಗೆ ಹೋದರೆ ಒಂದೋ ಅಷ್ಟೂ ಇಳೀಬೇಕು, ಇಲ್ಲ ನಂದಿಯ ತನಕ ಪೂರ್ತಿ ಹತ್ತಲೇಬೇಕು. ಆಷಾಢ ಶುರುವಾಗುವ ಮೊದಲು ಮುಗಿಸಿಬಿಡು, ಆಷಾಢಕ್ಕೆ ಮುಗಿದರೆ ಎಷ್ಟು ಚೆನ್ನ ಅಂತ ಒಳಗಿನಿಂದ ಒಂದು ದನಿ ಹೇಳ್ತಾನೇ ಇತ್ತು. ಆದರೆ ಮಳೆ ಬಿದ್ದಿದೆ, ಕಲ್ಲು ಜಾರುತ್ತೆ. ಶುಕ್ರವಾರಗಳಲ್ಲಿ ಜಾತ್ರೆ ಥರ ಜನ ಬರ್ತಾರೆ, ಬಗ್ಗಿ ಏಳುವ ನನ್ನಂಥವಳಿಂದ ಹಿಂದಿನವರಿಗೂ ತೊಂದರೆ. ಆ 180ನ್ನ ದಸರಾ ಕಳೆದ ಮೇಲೆ ನೋಡಿಕೊಳ್ಳೋಣ ಅಂತ ನಾನೇ ಹೇಳಿದೆ. ಇವರು ಹೇಳಿಕೊಟ್ಟಿದ್ದಲ್ಲ. ಅಲ್ಲಿವರೆಗೆ ದಿನಾ ಬೆಳಿಗ್ಗೆ ಕಾಲೆತ್ತುವ ವ್ಯಾಯಾಮ.

ಕಳೆದ ಮಂಗಳವಾರ ಸುಮ್ಮನೆ ನಂದಿಯ ತನಕ ಸ್ಕೂಟರಿನಲ್ಲಿ ಹೋಗಿ ಬಂದ್ವಿ, ಕುಂಕುಮದ ಭರಣಿ ಇಲ್ಲದೆ. ಸಣ್ಣಗೆ ಹನೀತಿತ್ತು. ಗಾಡಿಯವನ ಹತ್ತಿರ ಸೌತೆಕಾಯಿ ತಗೊಂಡೆ. ಇವರಿಗೆ ಉಪ್ಪು ಕಡಿಮೆ ಮಾಡಬೇಕು, ‘ಅರ್ಧಕ್ಕೆ ಉಪ್ಪುಖಾರ ಹಾಕಿ, ಅರ್ಧ ಹಾಗೇ ಕೊಡಪ್ಪಾ’ ಅಂದೆ. ಉಪ್ಪಿಲ್ಲದ ಹೋಳು ಕಚ್ಚುತ್ತಾ ಇವರು ನನ್ನದನ್ನೇ ನೋಡ್ತಿದ್ದರು. ಒಂದು ಚೂರು ಮುರಿದು ಕೊಟ್ಟೆ.