ಅಜ್ಜ ಕಡಲ್ಗಳ್ಳನಾದ ದಿನ

ನಮ್ಮ ಮನೆಯ ಶೋಕೇಸಿನಲ್ಲಿ ಒಂದು ಫೋಟೋ ಇದೆ. ಮನೆಗೆ ಬಂದವರು ಅದನ್ನು ನೋಡಿ ಮೊದಲು ನಗುತ್ತಾರೆ, ಆಮೇಲೆ "ಇದು ಯಾರು?" ಎಂದು ಕೇಳುತ್ತಾರೆ. ತಲೆಗೆ ಕೆಂಪು ರುಮಾಲು, ಒಂದು ಕಣ್ಣಿಗೆ ಕಪ್ಪು ಪಟ್ಟಿ, ಸೊಂಟಕ್ಕೆ ಬಿಗಿದ ಸೊಸೆಯ ಶಾಲು, ಹೆಗಲ ಮೇಲೆ ಬಟ್ಟೆಯ ಗಿಳಿ. ಕೈಯಲ್ಲಿ ಕತ್ತಿಯ ಬದಲು ತಿಂಡಿಯ ಪೆಟ್ಟಿಗೆ. ಆ ಪೆಟ್ಟಿಗೆಯ ಕಥೆಯನ್ನು ಪತ್ರಿಕೆಯ ಓದುಗರ ಮುಂದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆವು.

ನಾವಿಬ್ಬರು ಕಾಸರಗೋಡು ಕಡೆಯವರು. ನಮ್ಮಲ್ಲೊಬ್ಬರು ಇಪ್ಪತ್ತೆಂಟು ವರ್ಷ ಸರಕು ಹಡಗುಗಳಲ್ಲಿ ಅಡುಗೆ ಮಾಡಿದವರು. ಇನ್ನೊಬ್ಬರು ಅಷ್ಟೇ ವರ್ಷ ಮನೆಯಲ್ಲಿ ಮಕ್ಕಳನ್ನು ಸಾಕುತ್ತಾ, ಮೊದಲು ಅಂಚೆಯವನನ್ನೂ ಆಮೇಲೆ ಫೋನನ್ನೂ ಕಾದವರು. ಈ ಬರಹದಲ್ಲಿ ನಮ್ಮನ್ನು ನಾವು ಅಜ್ಜ, ಅಜ್ಜಿ ಎಂದೇ ಕರೆದುಕೊಳ್ಳುತ್ತೇವೆ. ಮೊಮ್ಮಗ ಹುಟ್ಟಿದ ಮೇಲೆ ಮನೆಯಲ್ಲಿ ನಮಗೆ ಬೇರೆ ಹೆಸರೇ ಉಳಿದಿಲ್ಲ.

2014ರಲ್ಲಿ ನಾವು ಅಮೆರಿಕದ ಆರೆಗಾನ್ ರಾಜ್ಯದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಮೊಮ್ಮಗನಿಗೆ ಆಗ ಏಳು ವರ್ಷ. ಸೆಪ್ಟೆಂಬರ್ ತಿಂಗಳ ಒಂದು ಸಂಜೆ ಅವನು ಶಾಲೆಯಿಂದ ಬಂದವನೇ, "ಶುಕ್ರವಾರ ಎಲ್ಲರೂ ಪೈರೇಟ್ ಹಾಗೆ ಮಾತಾಡಬೇಕು, ಅಜ್ಜ, ಅಜ್ಜಿ ಕೂಡ!" ಎಂದು ಹುಕುಂ ಹೊರಡಿಸಿದ. ನಮಗೆ ತಲೆಬುಡ ತಿಳಿಯಲಿಲ್ಲ. ಕ್ರಿಸ್ಮಸ್ ಗೊತ್ತು, ತೆನೆಹಬ್ಬ ಗೊತ್ತು. ಇದೆಂಥ ಕಡಲ್ಗಳ್ಳರ ಹಬ್ಬ?

ಮಗ ವಿವರಿಸಿದ. ಈ ದಿನ ಹುಟ್ಟಿದ್ದೇ ಆರೆಗಾನ್ ರಾಜ್ಯದಲ್ಲಿ, ಆಲ್ಬನಿ ಎಂಬ ಊರಿನಲ್ಲಂತೆ. ಜಾನ್ ಬೌರ್ ಮತ್ತು ಮಾರ್ಕ್ ಸಮ್ಮರ್ಸ್ ಎಂಬ ಗೆಳೆಯರು 1995ರ ಜೂನ್ 6ರಂದು ರ‍್ಯಾಕೆಟ್‌ಬಾಲ್ ಆಡುತ್ತಾ, ತಮಾಷೆಗೆ ಹಳೆಯ ಕಡಲ್ಗಳ್ಳರಂತೆ ಒಬ್ಬರನ್ನೊಬ್ಬರು ಬೈದುಕೊಂಡರು. ಆಟ ಮುಗಿಯುವ ಹೊತ್ತಿಗೆ ಇದಕ್ಕೊಂದು ದಿನವೇ ಇರಬೇಕು ಎನಿಸಿತು. ಜೂನ್ 6 ಬೇಡ, ಅದು ಎರಡನೆಯ ಮಹಾಯುದ್ಧದಲ್ಲಿ ಸೈನಿಕರು ನಾರ್ಮಂಡಿಯ ತೀರಕ್ಕಿಳಿದ ದಿನ, ಅದರ ಮೇಲೆ ತಮಾಷೆ ಸಲ್ಲದು ಎಂದುಕೊಂಡು ಸೆಪ್ಟೆಂಬರ್ 19ನ್ನು ಆರಿಸಿದರು. ಅದು ಸಮ್ಮರ್ಸ್‌ರ ಮಾಜಿ ಹೆಂಡತಿಯ ಹುಟ್ಟುಹಬ್ಬ, ಮರೆಯುವ ಭಯವಿರಲಿಲ್ಲವಂತೆ! ಏಳು ವರ್ಷ ಅದು ಸ್ನೇಹಿತರೊಳಗಿನ ಆಟವಾಗಿಯೇ ಇತ್ತು. 2002ರಲ್ಲಿ ಡೇವ್ ಬ್ಯಾರಿ ಎಂಬ ಹಾಸ್ಯ ಬರಹಗಾರರು ತಮ್ಮ ಪತ್ರಿಕಾ ಅಂಕಣದಲ್ಲಿ ಅದರ ಬಗ್ಗೆ ಬರೆದದ್ದೇ ತಡ, ಊರೂರಿಗೆ ಹಬ್ಬಿತು.

ಆ ದಿನ "ಹಲೋ" ಎನ್ನುವಂತಿಲ್ಲ, "ಅಹೋಯ್" ಎನ್ನಬೇಕು. "ಹೌದು" ಎನ್ನಲು "ಐ". ಏನೂ ತೋಚದಿದ್ದರೆ ಗಂಟಲಿನಿಂದ "ಆರ್ರ್ರ್" ಎಂದರೆ ಸಾಕು. ನಿಜವಾದ ಕಡಲ್ಗಳ್ಳರು ಹಾಗೆ ಮಾತಾಡುತ್ತಿದ್ದರೇ ಎಂದು ಅಜ್ಜ ಕೇಳಿದರು. ಅದು ಸಿನಿಮಾದ ಕೊಡುಗೆ ಎಂದ ಮಗ. ಸ್ಟೀವನ್‌ಸನ್ 1883ರಲ್ಲಿ ಪುಸ್ತಕವಾಗಿ ಪ್ರಕಟಿಸಿದ "ಟ್ರೆಷರ್ ಐಲೆಂಡ್" ಕಾದಂಬರಿಯನ್ನು ಡಿಸ್ನಿ ಸಂಸ್ಥೆ 1950ರಲ್ಲಿ ಚಿತ್ರ ಮಾಡಿತು. ಅದರಲ್ಲಿ ಒಂಟಿಕಾಲಿನ ಲಾಂಗ್ ಜಾನ್ ಸಿಲ್ವರ್‌ನ ಪಾತ್ರ ಮಾಡಿದ ರಾಬರ್ಟ್ ನ್ಯೂಟನ್ ಎಂಬ ನಟ ಇಂಗ್ಲೆಂಡಿನ ನೈಋತ್ಯ ಭಾಗದವರು. ಅವರು ತಮ್ಮ ಊರ ಕಡೆಯ ಮಾತಿನ ಧಾಟಿಯನ್ನೇ ಹಿಗ್ಗಿಸಿ ಆಡಿದರು. ಅಂದಿನಿಂದ ಕಡಲ್ಗಳ್ಳನೆಂದರೆ ಹಾಗೆಯೇ ಮಾತಾಡಬೇಕು ಎಂದಾಯಿತು. ನಿಧಿಯ ನಕಾಶೆ, ಹೆಗಲ ಮೇಲಿನ ಗಿಳಿ ಇವೆಲ್ಲ ನಮ್ಮ ಮನಸ್ಸಿನಲ್ಲಿ ಕೂತದ್ದೂ ಹೆಚ್ಚಾಗಿ ಆ ಕಾದಂಬರಿಯಿಂದಲೇ.

ಅಜ್ಜಿಗೆ ಉತ್ಸಾಹ ಬಂತು. ಹಳೆಯ ಕೊಡೆಯ ಬಟ್ಟೆ ಕತ್ತರಿಸಿ ಕಣ್ಣಿನ ಪಟ್ಟಿ ಹೊಲಿದರು. "ಆರ್ರ್ರ್" ಅಭ್ಯಾಸವನ್ನೂ ಶುರು ಮಾಡಿದರು. ಅದು ಕಂಬಳದ ಗದ್ದೆಯಲ್ಲಿ ಕೋಣ ಓಡಿಸುವವರ ಕೂಗಿನಂತೆ ಕೇಳಿ ಸೊಸೆ ನಕ್ಕು ನಕ್ಕು ಸುಸ್ತಾದಳು. ಆದರೆ ಅಜ್ಜ ಮಾತ್ರ, "ನನಗೆ ಬೇಡ, ನೀವೆಲ್ಲ ಹಾಕಿಕೊಳ್ಳಿ" ಎಂದು ಎದ್ದುಹೋದರು.

ಮೊಮ್ಮಗ ಬಿಡುವವನಲ್ಲ. ಲೈಬ್ರರಿಯಿಂದ ತಂದ ಮಕ್ಕಳ "ಟ್ರೆಷರ್ ಐಲೆಂಡ್" ಹಿಡಿದು ಹಿಂದೆಯೇ ಹೋದ. "ಅಜ್ಜ, ನೋಡಿ! ಲಾಂಗ್ ಜಾನ್ ಸಿಲ್ವರ್ ಹಡಗಿನ ಕುಕ್! ನೀವೂ ಹಡಗಿನ ಕುಕ್! ನೀವೇ ಸಿಲ್ವರ್ ಆಗಬೇಕು!" ಮಾತು ನಿಜವೇ. ಸ್ಟೀವನ್‌ಸನ್ ಆ ಕಥೆಗೆ ಮೊದಲು ಇಟ್ಟ ಹೆಸರೇ "ಹಡಗಿನ ಅಡುಗೆಯವ" ಎಂಬರ್ಥದ್ದು. ಅಜ್ಜ ಪುಸ್ತಕದ ಚಿತ್ರವನ್ನು ನೋಡಿದರು, ಹುಡುಗನ ತಲೆ ಸವರಿದರು, ಏನೂ ಹೇಳಲಿಲ್ಲ.

ಆ ರಾತ್ರಿ ನಮಗಿಬ್ಬರಿಗೂ ನಿದ್ದೆ ಬರಲಿಲ್ಲ. ಅಜ್ಜನ ಮನಸ್ಸಿನಲ್ಲಿದ್ದದ್ದು ಏಡನ್ ಕೊಲ್ಲಿ. ಸೊಮಾಲಿಯಾದ ಕಡಲ್ಗಳ್ಳರ ಹಾವಳಿ ಜೋರಾಗಿದ್ದ 2009 ಮತ್ತು 2010ರಲ್ಲಿ ಅವರ ಹಡಗು ಆ ದಾರಿಯಾಗಿ ಹಲವು ಸಲ ಹೋಗಿತ್ತು. ಹಡಗುಗಳ ರಕ್ಷಣೆಗೆಂದು ಅಲ್ಲಿ ಸುಮಾರು 490 ನಾಟಿಕಲ್ ಮೈಲಿ ಉದ್ದದ ಕಾವಲು ದಾರಿಯೊಂದನ್ನು ಗುರುತಿಸಿದ್ದರು. ನಮ್ಮ ನೌಕಾಪಡೆಯ ಹಡಗುಗಳೂ 2008ರ ಅಕ್ಟೋಬರ್‌ನಿಂದ ಅಲ್ಲಿ ಪಹರೆಯಲ್ಲಿದ್ದವು. ಆದರೂ ಗಂಟೆಗೆ ಹನ್ನೆರಡು ನಾಟಿಕಲ್ ಮೈಲಿ ಸಾಗುವ, ಸರಕು ತುಂಬಿ ತಗ್ಗಿಗೆ ಕುಳಿತ ಹಡಗಿಗೆ ಅದನ್ನು ದಾಟಲು ಹೆಚ್ಚುಕಡಿಮೆ ಎರಡು ಹಗಲು, ಎರಡು ರಾತ್ರಿ ಬೇಕು. ಬೇಗ ಓಡುವ, ಎತ್ತರದ ಹಡಗಿಗೆ ಏಣಿ ಹಾಕಿ ಹತ್ತುವುದು ಕಷ್ಟ. ಇಂಥದ್ದಕ್ಕೆ ಸುಲಭ.

ಹಡಗಿನ ಸುತ್ತ ಮುಳ್ಳುತಂತಿಯ ಸುರುಳಿ ಕಟ್ಟುತ್ತಿದ್ದರು. ಬೆಂಕಿ ಆರಿಸುವ ಪೈಪುಗಳಿಂದ ಹೊರಗಡೆಗೆ ನೀರು ಚಿಮ್ಮುವಂತೆ ಮಾಡುತ್ತಿದ್ದರು. ರಾತ್ರಿ ಕಿಟಕಿಗಳಿಂದ ಬೆಳಕು ಹೊರಬೀಳದಂತೆ ಮುಚ್ಚುತ್ತಿದ್ದರು. ಕಳ್ಳರು ಹತ್ತಿಬಿಟ್ಟರೆ ಎಲ್ಲರೂ ಸೇರಿ ಬಾಗಿಲು ಭದ್ರಪಡಿಸಿಕೊಳ್ಳಲು ಹಡಗಿನ ತಳದಲ್ಲಿ ಒಂದು ಕೋಣೆಯಿತ್ತು. ಅಲ್ಲಿ ಮೂರು ದಿನಕ್ಕಾಗುವಷ್ಟು ನೀರು, ಬಿಸ್ಕೆಟ್, ಡಬ್ಬಿಯ ಆಹಾರ ಇಡುವುದು ಅಡುಗೆಯವರ ಕೆಲಸ. ಪ್ರತಿಯೊಬ್ಬನಿಗೆ ಎಷ್ಟು ಬಾಟಲಿ ನೀರು ಎಂದು ಲೆಕ್ಕ ಹಾಕುವಾಗ ಕೈ ನಡುಗುತ್ತಿತ್ತು ಎಂದು ಅಜ್ಜ ಹೇಳಿದ್ದು ಅಂದೇ ಮೊದಲು. ಇನ್ನೊಂದು ಕೆಲಸವೂ ಇತ್ತು. ಹಳೆಯ ಬಾಯ್ಲರ್‌ಸೂಟುಗಳಿಗೆ ಚಿಂದಿ ತುಂಬಿ, ಟೋಪಿಯಿಟ್ಟು, ಕಟಕಟೆಯ ಬಳಿ ನಿಲ್ಲಿಸಬೇಕಿತ್ತು. ದೂರದಿಂದ ನೋಡಿದವರಿಗೆ ಕಾವಲುಗಾರರು ನಿಂತಂತೆ ಕಾಣಲಿ ಎಂದು. ನಮ್ಮೂರ ಗದ್ದೆಯ ಬೆರ್ಚಪ್ಪಗಳೇ!

ಅಜ್ಜಿಯ ಪಾಲಿಗೆ ಆ ದಿನಗಳೆಂದರೆ ಮೂಕ ಫೋನು. "ನಾಳೆಯಿಂದ ಎರಡು ಮೂರು ದಿನ ಫೋನ್ ಇಲ್ಲ" ಎಂಬಷ್ಟು ಮಾತ್ರ ಸುದ್ದಿ ಬರುತ್ತಿತ್ತು. ಯಾಕೆಂದು ಅವರು ಹೇಳುತ್ತಿರಲಿಲ್ಲ, ಇವರು ಕೇಳುತ್ತಿರಲಿಲ್ಲ. ಟಿವಿ ನೋಡಿ ಗೊತ್ತಿತ್ತು. ಮಕ್ಕಳ ಮುಂದೆ ಮಾತ್ರ ಟಿವಿ ಹಾಕುತ್ತಿರಲಿಲ್ಲ.

ಅಂದು ರಾತ್ರಿ ಅಜ್ಜ ಕೊನೆಗೆ ಬಾಯಿಬಿಟ್ಟರು: "ಏಳು ಮಂದಿ ಇನ್ನೂ ಅವರ ಕೈಯಲ್ಲೇ ಇದ್ದಾರೆ. ನಾನು ಇಲ್ಲಿ ಆ ವೇಷ ಹಾಕುವುದು ಹೇಗೆ?"

"ಆಸ್ಫಾಲ್ಟ್ ವೆಂಚರ್" ಎಂಬ ಹಡಗನ್ನು ಕಡಲ್ಗಳ್ಳರು 2010ರ ಸೆಪ್ಟೆಂಬರ್‌ನಲ್ಲಿ ಹಿಡಿದಿದ್ದರು. ಅದರಲ್ಲಿದ್ದ ಹದಿನೈದು ಮಂದಿಯೂ ಭಾರತೀಯರು. 2011ರ ಏಪ್ರಿಲ್‌ನಲ್ಲಿ ಹಡಗನ್ನೂ ಎಂಟು ಮಂದಿಯನ್ನೂ ಬಿಟ್ಟು, ಏಳು ಮಂದಿಯನ್ನು ಉಳಿಸಿಕೊಂಡರು. ನಮ್ಮ ನೌಕಾಪಡೆ ಸೆರೆಹಿಡಿದ ತಮ್ಮವರನ್ನು ಬಿಟ್ಟರೆ ಇವರನ್ನು ಬಿಡುತ್ತೇವೆ ಎಂಬುದು ಅವರ ಪಟ್ಟು. ನಾವು ಆರೆಗಾನ್‌ನಲ್ಲಿ ಕುಳಿತು ಕಣ್ಣಿನ ಪಟ್ಟಿ ಹೊಲಿಯುತ್ತಿದ್ದ ಆ ವಾರಕ್ಕೆ ನಾಲ್ಕು ವರ್ಷ ತುಂಬುತ್ತಾ ಬಂದಿತ್ತು. ಅಜ್ಜ ಪ್ರತಿ ರಾತ್ರಿ ಜಪಸರದ ಕೊನೆಗೆ ಒಂದು ನಿಮಿಷ ಸುಮ್ಮನೆ ಕೂರುತ್ತಿದ್ದದ್ದು ಯಾರಿಗಾಗಿ ಎಂದು ಅಜ್ಜಿಗೆ ಅಂದು ತಿಳಿಯಿತು.

ಸ್ವಲ್ಪ ಹೊತ್ತು ಬಿಟ್ಟು ಅಜ್ಜಿ ಹೇಳಿದರು: "ಮಗುವಿನ ಆಟ ಬೇರೆ, ಆ ಪಾಪಿಗಳ ಕೆಲಸ ಬೇರೆ. ನೀವು ಬರದಿದ್ದರೆ ಅವನು ಯಾಕೆ ಎಂದು ಕೇಳುತ್ತಾನೆ. ಬಂದರೂ ಕೇಳುತ್ತಾನೆ. ಹೇಳುವುದಾದರೆ ನಗುತ್ತಿರುವಾಗಲೇ ಹೇಳುವುದು ಒಳ್ಳೆಯದು." ಅಜ್ಜ ಗೋಡೆಯ ಕಡೆ ತಿರುಗಿ ಮಲಗಿದರು. ಬೆಳಿಗ್ಗೆ ಎದ್ದವರೇ, "ಆ ಗಿಳಿ ಎಲ್ಲಿ?" ಎಂದು ಕೇಳಿದರು.

ಶುಕ್ರವಾರ ಸಂಜೆ ನಾವೆಲ್ಲರೂ ಡೋನಟ್ ಅಂಗಡಿಗೆ ಹೊರಟೆವು. ಡೋನಟ್ ಎಂದರೆ ನಡುವೆ ತೂತಿರುವ, ಎಣ್ಣೆಯಲ್ಲಿ ಕರಿದ ಸಿಹಿ. ನೋಡಲು ಉದ್ದಿನ ವಡೆಯ ಶ್ರೀಮಂತ ನೆಂಟ. ಆ ವರ್ಷ ಕ್ರಿಸ್ಪಿ ಕ್ರೀಮ್ ಎಂಬ ಡೋನಟ್ ಕಂಪನಿ ಈ ದಿನ ಕಡಲ್ಗಳ್ಳರಂತೆ ಮಾತಾಡಿದವರಿಗೆ ಒಂದು, ಪೂರ್ತಿ ವೇಷ ಹಾಕಿದವರಿಗೆ ಒಂದು ಡಜನ್ ಪುಕ್ಕಟೆ ಕೊಡುತ್ತಿತ್ತು. ಸಾಲು ರಸ್ತೆಯವರೆಗೂ ಇತ್ತು. ಎಳೆಮಗುವಿಗೂ ತಲೆಬುರುಡೆಯ ಟೋಪಿ, ಒಂದು ನಾಯಿಗೂ ಕಣ್ಣುಪಟ್ಟಿ. ಕೌಂಟರಿನ ಹುಡುಗಿ "ಅಹೋಯ್!" ಎಂದಾಗ ಅಜ್ಜ, ಇಪ್ಪತ್ತೆಂಟು ವರ್ಷ ಅಡುಗೆಮನೆಯಿಂದ ಹಡಗಿನವರನ್ನೆಲ್ಲ ಊಟಕ್ಕೆ ಕರೆದ ಗಂಟಲಿನಿಂದ, "ಆರ್ರ್ರ್!" ಎಂದು ಗುಡುಗಿದರು. ಅಂಗಡಿಯವರೆಲ್ಲ ಚಪ್ಪಾಳೆ ತಟ್ಟಿದರು. ಮೊಮ್ಮಗ ಹೆಮ್ಮೆಯಿಂದ ಸುತ್ತಲೂ ನೋಡಿದ. ಫೋಟೋ ತೆಗೆದದ್ದು ಆಗಲೇ.

ವಾಪಸು ಬರುವಾಗ ಕಾರಿನಲ್ಲಿ ನಾವು ಕಾಯುತ್ತಿದ್ದ ಪ್ರಶ್ನೆ ಬಂತು. "ಅಜ್ಜ, ನೀವು ನಿಜವಾದ ಪೈರೇಟ್ ನೋಡಿದ್ದೀರಾ?"

"ನೋಡಿಲ್ಲ ಮಗಾ. ನೋಡುವುದು ಬೇಡಪ್ಪಾ ಎಂದು ಬೇಡಿಕೊಂಡೇ ದಾಟಿದ್ದೇವೆ."

ಅಜ್ಜ ನಿಧಾನವಾಗಿ ಹೇಳಿದರು. ಚಿಂದಿ ತುಂಬಿದ ಗೊಂಬೆಗಳ ಕಥೆಗೆ ಹುಡುಗ ನಕ್ಕ. ಕತ್ತಲೆಯ ಹಡಗಿನ ಕಥೆಗೆ ಸುಮ್ಮನಾದ. ಕಡಲ್ಗಳ್ಳರು ಪುಸ್ತಕದಲ್ಲಿ ಮಾತ್ರ ಇರುವವರಲ್ಲ, ನಮ್ಮ ಕಡಲಿಗೂ ಬಂದವರು, ಕ್ಯಾಪ್ಟನ್ ಕಿಡ್ ಎಂಬವನು 1698ರಲ್ಲಿ ನಮ್ಮ ಮಲಬಾರ್ ಕರಾವಳಿಯಾಚೆಯೇ ದೊಡ್ಡ ಹಡಗೊಂದನ್ನು ದೋಚಿದ್ದ, 1701ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದ ಎಂದು ಕಾರು ನಡೆಸುತ್ತಿದ್ದ ಮಗ ನಡುವೆ ಸೇರಿಸಿದ. ಆಮೇಲೆ ಅಜ್ಜ ಆ ಏಳು ಮಂದಿಯ ವಿಷಯ ಹೇಳಿದರು. ಮಗ ಕನ್ನಡಿಯಲ್ಲಿ ಅಪ್ಪನನ್ನು ನೋಡಿದ. ಅಪ್ಪ ಅಂಥ ದಾರಿಯಲ್ಲಿ ಹೋಗಿ ಬಂದದ್ದು ಇಷ್ಟು ವಿವರವಾಗಿ ಅವನಿಗೂ ಗೊತ್ತಿರಲಿಲ್ಲ.

ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದೆವು. ಹುಡುಗ ಎಲ್ಲರಿಗೂ ಒಂದೊಂದು ಹಂಚಿದ. ನಾವು ಐದು ಜನ. ಪೆಟ್ಟಿಗೆಯಲ್ಲಿ ಉಳಿದದ್ದನ್ನು ಬೆರಳಿಟ್ಟು ಎಣಿಸಿ, "ಏಳು ಇವೆ. ಇದು ಆ ಅಂಕಲ್‌ಗಳದ್ದು" ಎಂದು ಮುಚ್ಚಳ ಮುಚ್ಚಿ ಫ್ರಿಜ್ಜಿನಲ್ಲಿಟ್ಟ. ಯಾರೂ ಮಾತಾಡಲಿಲ್ಲ. ಅಜ್ಜ ಕಣ್ಣಿನ ಪಟ್ಟಿ ತೆಗೆಯುವ ನೆಪದಲ್ಲಿ ಕಣ್ಣೊರಸಿಕೊಂಡರು.

ಸಿಹಿತಿಂಡಿ ಎಷ್ಟು ದಿನ ಉಳಿದೀತು? ಮೂರನೆಯ ದಿನ ಅವು ಕಲ್ಲಾಗುತ್ತಿರುವುದನ್ನು ಕಂಡು, ಹುಡುಗ ಶಾಲೆಗೆ ಹೋದಾಗ ನಾವೇ ಚಹಾದಲ್ಲಿ ಅದ್ದಿ ತಿಂದು ಮುಗಿಸಿದೆವು. ಸಂಜೆ ಸಿಕ್ಕಿಬಿದ್ದೆವು. "ನೀವೇ ಪೈರೇಟ್ಸ್!" ಎಂದು ಬೈಸಿಕೊಂಡೆವು. ಒಪ್ಪಿಕೊಳ್ಳದೆ ಬೇರೆ ದಾರಿಯಿರಲಿಲ್ಲ.

ಅಕ್ಟೋಬರ್ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ಆ ಏಳು ಮಂದಿಯೂ ಬಿಡುಗಡೆಯಾಗಿದ್ದರು. ನಾಲ್ಕು ವರ್ಷಕ್ಕೂ ಮೇಲಾಗಿತ್ತು. ಅಜ್ಜ ಕಂಪ್ಯೂಟರಿನ ಮುಂದೆ ಅದನ್ನು ಎರಡೆರಡು ಸಲ ಓದಿಸಿಕೊಂಡರು. ಹುಡುಗ ಮಾತ್ರ ನಮ್ಮ ಹಳೆಯ ಸಾಲವನ್ನು ಮರೆತಿರಲಿಲ್ಲ: "ಈಗ ಅವರ ಡೋನಟ್ ವಾಪಸು ಕೊಡಿ." ಅಂದೇ ಸಂಜೆ ಅದೇ ಅಂಗಡಿಗೆ ಹೋಗಿ ಏಳು ಡೋನಟ್ ತಂದೆವು. ಈ ಸಲ ವೇಷವಿಲ್ಲದೆ, ದುಡ್ಡು ಕೊಟ್ಟು. ಏಳನ್ನೂ ಪಕ್ಕದ ಮನೆಗಳ ಮಕ್ಕಳಿಗೆ ಹಂಚಿದ. ನಮಗೊಂದೂ ಸಿಗಲಿಲ್ಲ.

ಕಡಲ್ಗಳ್ಳರ ಕಾಟ ಆಮೇಲೆ ಕೆಲವು ವರ್ಷ ತಗ್ಗಿತ್ತು. 2023ರ ಕೊನೆಯಲ್ಲಿ ಮತ್ತೆ ತಲೆಯೆತ್ತಿತು. 2024ರ ಮಾರ್ಚ್‌ನಲ್ಲಿ ನಮ್ಮ ನೌಕಾಪಡೆ "ರುಯೆನ್" ಎಂಬ ಹಡಗಿನಿಂದ ಹದಿನೇಳು ಮಂದಿಯನ್ನು ಬಿಡಿಸಿ, ಮೂವತ್ತೈದು ಕಡಲ್ಗಳ್ಳರನ್ನು ಸೆರೆಹಿಡಿದ ಸುದ್ದಿಯನ್ನು ನೀವೂ ಓದಿರಬಹುದು. ನಮ್ಮ ಕರಾವಳಿಯಲ್ಲಿ ಹಡಗಿನ ನೌಕರಿಗೆ ಹೋದವರ ಮನೆಗಳು ಎಷ್ಟೋ ಇವೆ. ನಿಮ್ಮ ನೆರೆಯಲ್ಲಿ ಅಂಥ ಮನೆಯಿದ್ದರೆ, ಆಗಾಗ ಹೋಗಿ "ಫೋನ್ ಬಂತಾ?" ಎಂದು ವಿಚಾರಿಸಿ. ಅಷ್ಟೊಂದು ಮಾತು ಅಂದು ಅಜ್ಜಿಗೆ ದೊಡ್ಡ ಆಸರೆಯಾಗುತ್ತಿತ್ತು.

ಮೊಮ್ಮಗ ಈಗ ಅಜ್ಜನಿಗಿಂತ ಎತ್ತರ. ವೇಷ ಹಾಕಲು ನಾಚಿಕೆ. ಆದರೂ ಪ್ರತಿ ಸೆಪ್ಟೆಂಬರ್ 19ಕ್ಕೆ ತಪ್ಪದೆ ಫೋನ್ ಮಾಡುತ್ತಾನೆ. ಆ ಕಡೆಯಿಂದ ಗಡಸು ದನಿಯಲ್ಲಿ "ಅಹೋಯ್" ಬರುತ್ತದೆ. ಈ ಕಡೆಯಿಂದ ಅಜ್ಜ ಅಕ್ಕಪಕ್ಕದ ಮನೆಗೆ ಕೇಳುವಂತೆ "ಆರ್ರ್ರ್" ಎನ್ನುತ್ತಾರೆ. ಅಂಗಳದ ನಾಯಿ ಬೊಗಳುತ್ತದೆ. ಅಜ್ಜಿ ಒಳಗಿನಿಂದ, "ಊಟ ಆಯ್ತಾ ಕೇಳಿ ಮೊದಲು" ಎನ್ನುತ್ತಾರೆ.