ವಾಯಿದೆ ಯಾವತ್ತು?

ನಾವು ಮೂವರು ಒಂದೇ ರೂಮಿನವರು. ಒಬ್ಬ ರಾಯಚೂರಿನವನು, ಒಬ್ಬ ಹೊಸಪೇಟೆ ಕಡೆಯವನು, ಇನ್ನೊಬ್ಬ ಶಿವಮೊಗ್ಗದವನು. ನಮಗೆ ಪ್ರವಾಸ ಅಂದರೆ ಊರಿಗೆ ಹೋಗಿ ಬರುವುದು, ಅಷ್ಟೇ. ಆ ಖರ್ಚಾದರೂ ಸ್ವಲ್ಪ ಇಳಿಯಲಿ ಅಂತ ಟ್ರಾವೆಲ್ ಕ್ರೆಡಿಟ್ ಕಾರ್ಡ್ ಮಾಡಿಸಲು ಹೊರಟೆವು.

ಮಾಲ್ ಒಂದರಲ್ಲಿ ಟೇಬಲ್ ಹಾಕಿಕೊಂಡು ಕೂತಿದ್ದ ಹುಡುಗ, 'ಸರ್, ಸೇರಿದ ಕೂಡಲೇ 5,000 ಪಾಯಿಂಟ್, ಇನ್ಮೇಲೆ ಊರಿಗೆ ಫ್ಲೈಟಲ್ಲೇ ಹೋಗಿ' ಅಂದ. 2023ರಲ್ಲಿ ವಿಮಾನ ನಿಲ್ದಾಣ ಕಂಡ ಶಿವಮೊಗ್ಗದವನ ಮುಖ ಅರಳಿತು. ಉಳಿದಿಬ್ಬರು ಅರ್ಜಿ ಕೈಗೆ ತೆಗೆದುಕೊಂಡು ಸಣ್ಣಕ್ಷರ ಓದಿದೆವು. ವರದಿಗಾರರಾಗಿ ಕಲಿತದ್ದು ಅಷ್ಟಾದರೂ ಉಪಯೋಗಕ್ಕೆ ಬಂತು.

ಒಂದು ಪಾಯಿಂಟಿಗೆ 25 ಪೈಸೆ. ಅಲ್ಲಿಗೆ 5,000 ಪಾಯಿಂಟ್ ಅಂದರೆ 1,250 ರೂಪಾಯಿ. ಸೇರುವ ಶುಲ್ಕ 999, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 1,179. ಉಳಿಯುವುದು 71 ರೂಪಾಯಿ! ಬಸ್ಸಿನಲ್ಲಿ ತುಮಕೂರು ದಾಟುವುದೂ ಅನುಮಾನ. ಅದೂ ಸಿಗಬೇಕಾದರೆ 90 ದಿನದಲ್ಲಿ 50,000 ಖರ್ಚು ಮಾಡಿರಬೇಕು. ನಮ್ಮ ಬಾಡಿಗೆ ಮನೆ ಮಾಲೀಕರಿಗೆ ಫೋನ್‌ಪೇಯಲ್ಲಿ ಹೋಗುತ್ತದೆ, ಮೆಸ್ಸಿಗೆ ನಗದು. ಕಾರ್ಡ್ ಉಜ್ಜಲು ಉಳಿಯುವುದೇನು? ಬೇಡದ ಶೂ, ಬೇಡದ ಫೋನು.

ಆಮೇಲೆ ರೈಲಿಗೆಂದೇ ಇರುವ ಐಆರ್‌ಸಿಟಿಸಿ ಎಸ್‌ಬಿಐ ಕಾರ್ಡ್ ನೋಡಿದೆವು. ನಾವು ನೋಡಿದಾಗ ಶುಲ್ಕ 500, ಆರಂಭದ ಬೋನಸ್ 350 ಪಾಯಿಂಟ್, ಪಾಯಿಂಟಿಗೆ ಒಂದು ರೂಪಾಯಿ. ಲೆಕ್ಕ ಪ್ರಾಮಾಣಿಕವಾಗಿತ್ತು. ಆದರೆ ಟಿಕೆಟ್ ಮೇಲಿನ ಶೇ 10ರವರೆಗಿನ ಲಾಭ ಎಸಿ ದರ್ಜೆಗಳಿಗೆ ಮಾತ್ರ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ರಾಯಚೂರಿಗೆ, ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಹೊಸಪೇಟೆಗೆ ಸ್ಲೀಪರಿನಲ್ಲೇ ಹೋಗುವವರು ನಾವು. ಪಾಯಿಂಟಿನ ಆಸೆಗೆ ಎಸಿ ಹತ್ತಿದರೆ ಸಿಕ್ಕಿದ್ದಕ್ಕಿಂತ ಕಳೆದದ್ದೇ ಹೆಚ್ಚು.

ಆ ವಾರ ಶಿವಮೊಗ್ಗದವನ ಅಪ್ಪ ಫೋನ್ ಮಾಡಿದಾಗ ಸ್ಪೀಕರಿಗೆ ಹಾಕಿ ಎಲ್ಲವನ್ನೂ ವಿವರಿಸಿದೆವು. ಬೋನಸ್ಸಿನ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ. 'ಅಲ್ಲಪ್ಪ, ವಾಯಿದೆ ಯಾವತ್ತು?' ಅಂದರು. ಸೊಸೈಟಿಯಲ್ಲಿ ಶೂನ್ಯ ಬಡ್ಡಿಯ ಬೆಳೆ ಸಾಲ ತೆಗೆದವರು ಅವರು. ವಾಯಿದೆಯೊಳಗೆ ಕಟ್ಟಿದರೆ ಬಡ್ಡಿ ಇಲ್ಲ, ತಪ್ಪಿದರೆ ಬಡ್ಡಿ ಬಿತ್ತು. ಒಂದು ವರ್ಷ ಅಡಿಕೆ ಮಾರುವುದು ತಡವಾಗಿ, ವಾಯಿದೆಯ ಹಿಂದಿನ ದಿನ ಊರೆಲ್ಲ ಕೈಸಾಲಕ್ಕೆ ಅಲೆದಿದ್ದರಂತೆ. ಮಗನಿಗೂ ಅದು ಆವತ್ತೇ ಗೊತ್ತಾದದ್ದು.

ನಮ್ಮ ಅಡಿಕೆ ಅಂದರೆ ಸಂಬಳ. ಇಬ್ಬರಿಗೆ 10ನೇ ತಾರೀಕಿನ ಆಸುಪಾಸು ಬರುತ್ತದೆ. ಮೂರನೆಯವನು ಬಿಡಿ ಲೇಖನಗಳಿಗೆ ಬರೆಯುವವನು, ಅವನ ಹಣ ಬಂದಾಗ ಬಂತು. 40,000 ಬಿಲ್ಲಿಗೆ 'ಕನಿಷ್ಠ ಮೊತ್ತ' ಅಂತ 2,000 ಕಟ್ಟಿ ಸುಮ್ಮನಾದರೆ, ಉಳಿದ 38,000ಕ್ಕೆ ತಿಂಗಳಿಗೆ ಶೇ 3.5ರಂತೆ 1,330 ಬಡ್ಡಿ, ಬಡ್ಡಿಯ ಮೇಲೆ ಮತ್ತೆ ಜಿಎಸ್‌ಟಿ. ಒಂದೇ ತಿಂಗಳಿಗೆ ಆ 5,000 ಪಾಯಿಂಟ್ ಮುಗಿದುಹೋಯಿತು. ಬಾಕಿ ಇರುವಾಗ ಮಾಡುವ ಹೊಸ ಖರ್ಚಿಗೂ ಮೊದಲ ದಿನದಿಂದಲೇ ಬಡ್ಡಿ. ಸೊಸೈಟಿಯೇ ವಾಸಿ.

ಕೊನೆಗೆ ಸಂಬಳದ ಇಬ್ಬರು ವಾರ್ಷಿಕ ಶುಲ್ಕವಿಲ್ಲದ, ಬೋನಸ್ಸೂ ಇಲ್ಲದ ರುಪೇ ಕಾರ್ಡ್ ತೆಗೆದುಕೊಂಡೆವು. ಯುಪಿಐಗೆ ಜೋಡಿಸಬಹುದು ಅನ್ನುವುದೊಂದೇ ಅದರ ಆಕರ್ಷಣೆ. ಬಿಲ್ಲಿನ ತಾರೀಕು ಬದಲಿಸಿಕೊಳ್ಳಲು ಗ್ರಾಹಕರಿಗೆ ಒಮ್ಮೆಯಾದರೂ ಅವಕಾಶ ಕೊಡಬೇಕೆಂದು ಆರ್‌ಬಿಐ ನಿಯಮವಿದೆ. ಅದನ್ನು ಹಿಡಿದು ಕೇಳಿ, ವಾಯಿದೆ 15ಕ್ಕೆ ಬರುವಂತೆ ಮಾಡಿಸಿಕೊಂಡೆವು. ಮೂರನೆಯವನು ಕಾರ್ಡ್ ಮಾಡಿಸಲಿಲ್ಲ. ದೀಪಾವಳಿಗೆ ಅವನ ಟಿಕೆಟನ್ನೂ ನಾವೇ ಕಾರ್ಡಿನಲ್ಲಿ ಬುಕ್ ಮಾಡಿದೆವು. ಸ್ಲೀಪರ್, ಮೇಲಿನ ಬರ್ತ್. ದುಡ್ಡನ್ನು 14ನೇ ತಾರೀಕಿಗೆ ತಂದುಕೊಟ್ಟ, ಅದೂ ಎರಡು ಸಲ ನೆನಪಿಸಿದ ಮೇಲೆ.